ಕೈ ಬಿಟ್ಟ ಐದು ನಿಮಿಷ

ಮಲಾಡ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಟೆಕ್ನಿಷಿಯನ್. ಬೆಳಿಗ್ಗೆ ಏಳಕ್ಕೆ ಕೂತರೆ ಊಟದ ಹೊತ್ತಿನವರೆಗೆ ಬೇರೆಯವರ ರಕ್ತ, ಮೂತ್ರ, ಕಫ, ಮಲ. ಮೈಸೂರಿನಿಂದ ಮದುವೆಯಾಗಿ ಬಂದು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅತ್ತೆಯವರು ನಾನು ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಲು ಬಿಡುತ್ತಿರಲಿಲ್ಲ. ನನಗೆ ನಗು ಬರುತ್ತಿತ್ತು. ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ನನ್ನ ಹೇಸಿಗೆ ಎಂದೋ ಸತ್ತುಹೋಗಿದೆ ಎಂದೇ ನಂಬಿದ್ದೆ.

ಮನುಷ್ಯರ ಮೇಲಿನ ಹೇಸಿಗೆ ಮಾತ್ರ ಉಳಿದಿತ್ತು. ಐದು ವರ್ಷದ ಹಿಂದೆ ನಮ್ಮ ಸೊಸೈಟಿಯ ಎದುರಿನ ಬಿಲ್ಡಿಂಗಿನ ಮೀಟರ್ ರೂಮಿಗೆ ಬೆಂಕಿ ಬಿತ್ತು. ಹೊಗೆ ಕುಡಿದು ಕೆಮ್ಮುತ್ತ ಇಳಿದುಬಂದ ಮುದುಕರೊಬ್ಬರು ಗೇಟಿನ ಹತ್ತಿರ ಕುಸಿದು ಕೂತರು. ಸುತ್ತ ನಲವತ್ತು ಜನ, ಎಲ್ಲರ ಕೈಯಲ್ಲೂ ಫೋನು. ಒಬ್ಬರಂತೂ ಆ ಮುದುಕರಿಗೇ "ಅಂಕಲ್, ಥೋಡಾ ಸೈಡ್" ಎಂದರು. ಫೋನು ಹಿಡಿದವರಿಗೆ ಬೆಂಕಿ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಹೋಗಿ ಮುದುಕರ ಕಾಲರ್ ಸಡಿಲ ಮಾಡಿ, ಗಾಳಿಯಿರುವ ಕಡೆ ಕೂರಿಸಿ, ಆಂಬುಲೆನ್ಸ್ ಬರುವವರೆಗೆ ಬೆನ್ನಿಗೆ ಆನಿಕೆಯಾಗಿ ಕೂತೆ. ಅವರು ಬದುಕಿಕೊಂಡರು. ಅವತ್ತು ಮನೆಗೆ ಬಂದಾಗ ನನ್ನೊಳಗೆ ಇದ್ದದ್ದು ಮುದುಕರ ಮೇಲಿನ ಮರುಕವಲ್ಲ. ಆ ನಲವತ್ತು ಜನರಲ್ಲಿ ನಾನು ಇರಲಿಲ್ಲ ಎನ್ನುವ ಖುಷಿ. ಮುಂದಿನ ವಾರವೇ ನಮ್ಮ ಭಾಗದ ಸ್ವಯಂಸೇವಕರ ತಂಡಕ್ಕೆ ಹೆಸರು ಕೊಟ್ಟೆ.

ತಂಡದಲ್ಲಿ ನಾವು ಹನ್ನೊಂದು ಜನ. ನೀರು ತುಂಬಿದಾಗ, ಗೋಡೆ ಬಿದ್ದಾಗ, ಫೈರ್ ಬ್ರಿಗೇಡ್ ಬರುವ ಮುಂಚೆ ಆಗುವಷ್ಟು ಮಾಡುವುದು, ಅವರು ಬಂದ ಮೇಲೆ ಅವರು ಹೇಳಿದ್ದು ಮಾಡುವುದು, ಇಷ್ಟೇ ನಮ್ಮ ಕೆಲಸ. ಮುಖ್ಯಸ್ಥರು ಬೆಂಗಳೂರಿನ ಕಡೆಯ ಕನ್ನಡಿಗರು, ದೊಡ್ಡ ಕಂಪನಿಯಿಂದ ನಿವೃತ್ತರಾದವರು. ಕಿತ್ತಳೆ ಬಣ್ಣದ ಜಾಕೆಟ್ ಹೊಲಿಸಿದವರು ಅವರೇ, ಬೆನ್ನಿನ ಮೇಲೆ ತಂಡದ ಹೆಸರು ಎಷ್ಟು ದೊಡ್ಡದಿರಬೇಕೆಂದು ತೀರ್ಮಾನಿಸಿದವರೂ ಅವರೇ. ತಂಡದಲ್ಲಿ ನಿಜವಾಗಿ ಕೆಲಸ ಗೊತ್ತಿದ್ದದ್ದು ಒಬ್ಬನಿಗೆ. ಆತ ಬಾಗಲಕೋಟೆಯ ಕಡೆಯವನು, ಕಟ್ಟಡ ಒಡೆಯುವ ಸೈಟುಗಳಲ್ಲಿ ಬ್ರೇಕರ್ ಮಷಿನ್ ಹಿಡಿಯುವವನು. ಯಾವ ಸ್ಲ್ಯಾಬು ಯಾವುದರ ಮೇಲೆ ನಿಂತಿದೆ, ಯಾವುದನ್ನು ಮುಟ್ಟಿದರೆ ಯಾವುದು ಬೀಳುತ್ತದೆ ಎಂದು ಕಣ್ಣಿನಲ್ಲೇ ಹೇಳುತ್ತಿದ್ದ. ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗ್ರೂಪಿನಲ್ಲಿ ಮೆಸೇಜ್ ಬಂತು. ನಾಲಾ ಪಕ್ಕದ, ಅಂದರೆ ದೊಡ್ಡ ಗಟಾರದ ಪಕ್ಕದ ಓಣಿಯಲ್ಲಿ ಮನೆ ಬಿದ್ದಿದೆ. ನಮ್ಮ ಲ್ಯಾಬಿನ ಡಾಕ್ಟರು ಒಳ್ಳೆಯವರು, ಹೋಗಿ ಎಂದರು. ಓಣಿ ಎಷ್ಟು ಕಿರಿದೆಂದರೆ ಫೈರ್ ಬ್ರಿಗೇಡಿನ ಗಾಡಿ ಮೇನ್ ರೋಡಿನಲ್ಲೇ ನಿಂತಿತ್ತು. ಓಣಿಯ ಬಾಯಲ್ಲಿ ನಮ್ಮ ಮುಖ್ಯಸ್ಥರು ಜಾಕೆಟ್ಟುಗಳ ಚೀಲ ಬಿಚ್ಚಿಕೊಂಡು ನಿಂತಿದ್ದರು.

"ಜಾಕೆಟ್ ಹಾಕದೆ ಯಾರೂ ಒಳಗೆ ಹೋಗಬೇಡಿ. ನಾವು ಯಾರು ಅಂತ ಗೊತ್ತಾಗಬೇಕಲ್ಲ. ಪ್ರೆಸ್‌ನವರು ಬರ್ತಿದಾರೆ."

"ಒಳಗೆ ಯಾರಾದರೂ ಇದ್ದಾರಾ ಸರ್?"

"ಒಬ್ಬಳು ಹೆಂಗಸು ಅಂತಿದಾರೆ. ಸೈಜ್ ನೋಡ್ಕೊಳ್ಳಿ ಮೇಡಂ, ನಿಮ್ಮದು ಮೀಡಿಯಂ."

ನಾನು ಮೀಡಿಯಂ ಹುಡುಕಿ ಹಾಕಿಕೊಂಡೆ. ಜಿಪ್ ಕೂಡ ಎಳೆದುಕೊಂಡೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ. ಆದರೆ ಆ ಕ್ಷಣ ಜಾಕೆಟ್ ಮೈಮೇಲೆ ಬಂದಾಗ ಹಿತವಾಗಿಯೇ ಇತ್ತು ಎನ್ನುವುದನ್ನೂ ಬರೆಯಬೇಕು.

ಬಿದ್ದಿದ್ದು ಮೂರು ಅಂತಸ್ತಿನ ಮನೆ. ನಾಲ್ಕಿಂಚಿನ ಗೋಡೆಯ ಮೇಲೆ ಒಂದರ ಮೇಲೊಂದು ಏರಿಸಿದ್ದರು. ಮೇಲಿನೆರಡು ಅಂತಸ್ತು ಕೆಳಗಿನ ಅಡುಗೆಮನೆಯ ಮೇಲೆ ಕೂತಿತ್ತು. ಅಡುಗೆಮನೆಯ ಹಿಂಗೋಡೆ ನಾಲಾಕ್ಕೆ ಒರಗಿದ್ದರಿಂದ ಗಟಾರದ ನೀರು ಒಳಕ್ಕೆ ನುಗ್ಗುತ್ತಿತ್ತು. ಮಿಕ್ಕವರು ಕೆಲಸಕ್ಕೆ ಹೋಗಿದ್ದರು. ಒಳಗೆ ಸಿಕ್ಕಿದ್ದವಳು ಆಫೀಸಿನವರಿಗೆ ಊಟದ ಡಬ್ಬಿ ಮಾಡಿಕೊಡುತ್ತಿದ್ದ ಮರಾಠಿ ಹೆಂಗಸು. ಅವಳ ಗಂಡನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮೈಕು ಹಿಡಿದವನೊಬ್ಬ ಈಗ ನಿಮಗೆ ಏನನ್ನಿಸುತ್ತಿದೆ ಎಂದು ಕೇಳುತ್ತಿದ್ದ. ಎದುರಿನ ಚಾಳಿನ ಗ್ಯಾಲರಿಗಳಲ್ಲಿ ಜನ ತುಂಬಿದ್ದರು. ಒಬ್ಬಾಕೆ ಪ್ಲೇಟು ಹಿಡಿದು ಪೋಹಾ ತಿನ್ನುತ್ತ ನೋಡುತ್ತಿದ್ದಳು.

ನಮ್ಮ ಬ್ರೇಕರಿನವನು ಜಾಕೆಟ್ಟಿಗೆ ಕಾದಿರಲಿಲ್ಲ. ಬರೀ ಬನಿಯನ್ನಿನಲ್ಲಿ ಸ್ಲ್ಯಾಬಿನ ಮೇಲೆ ಬೋರಲು ಮಲಗಿ ಕಿವಿಯಿಟ್ಟಿದ್ದ. ಕೈ ಎತ್ತಿ, "ಸಬ್ ಚುಪ್ ರಹೋ" ಎಂದ. ಫೈರ್ ಬ್ರಿಗೇಡಿನವರೂ ಮಷಿನ್ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಎದ್ದು ನಾಲಾ ಬದಿಗೆ ಹೋಗಿ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದ. ಊಟದ ತಟ್ಟೆಯಷ್ಟು ಅಗಲದ, ಒಳಕ್ಕೆ ಹೋದಂತೆ ಕಿರಿದಾಗುವ ತೂತು ಬಿತ್ತು. ಒಳಗಿನಿಂದ ಹೆಂಗಸಿನ ನರಳಾಟ ಕೇಳಿಸಿತು.

"ಈ ಕಡಿಂದ ಒಡ್ಯಾಕ ಬರಂಗಿಲ್ರಿ," ಎಂದು ಆತ ನನಗೆ ಹೇಳಿದ. "ಆ ಕಡಿಂದ ಕೊಯ್ಕೋತ ಬರಬೇಕು. ಎರಡು ತಾಸು ಬೇಕು. ಅಲ್ಲೀತನ ಆಕಿ ಮಾತಾಡ್ಕೋತ ಇರಬೇಕ್ರಿ. ನನ್ನ ಕೈ ಮುಣಕೈಗೇ ಸಿಗಬೀಳತೈತಿ. ನಿಮ್ದು ಹೋಗ್ತೈತಿ ನೋಡ್ರಿ."

ನಾನು ಕೆಸರಿನಲ್ಲಿ ಮಲಗಿ ಭುಜದವರೆಗೆ ಕೈ ಒಳಗೆ ಬಿಟ್ಟೆ. ಕತ್ತಲೆಯಲ್ಲಿ ಏನೇನೋ ಮುಟ್ಟಿತು, ಆಮೇಲೆ ಒಂದು ಕೈ ಬಂದು ನನ್ನ ಕೈಯನ್ನು ಹಿಡಿದುಕೊಂಡಿತು. ಬಳೆಗಳಿದ್ದವು. ನನಗೆ ಬರುವ ಮರಾಠಿಯಲ್ಲಿ, ಹೆದರಬೇಡಿ, ನಾನು ಇಲ್ಲೇ ಇರುತ್ತೇನೆ, ಎಲ್ಲಿಗೂ ಹೋಗುವುದಿಲ್ಲ ಎಂದೆ. ಆಕೆ ಬೆರಳುಗಳನ್ನು ಬಿಗಿ ಮಾಡಿದಳು.

ಮಳೆ ಜೋರಾಯಿತು, ನಾಲಾ ಏರಿತು. ನೀರು ಒಳಗೆ ಏರುತ್ತಿದ್ದಂತೆ ಆ ಅಡುಗೆಮನೆಯಲ್ಲಿದ್ದ ಜಿರಲೆಗಳೆಲ್ಲ ಹೊರಬರಲು ದಾರಿ ಹುಡುಕಿದವು. ಅವುಗಳಿಗೆ ಸಿಕ್ಕ ದಾರಿ ನನ್ನ ತೋಳು. ಮೊದಲು ಒಂದೆರಡು. ಆಮೇಲೆ ತೋಳು ಪೂರಾ ಹರಿದಾಡಿದಂತಾಯಿತು. ಕುತ್ತಿಗೆಗೆ ಬಂದವು, ಜಾಕೆಟ್ಟಿನ ಒಳಗೆ ಇಳಿದವು. ಜಿಪ್ ಹಾಕಿದ್ದರಿಂದ ಹೊರಗೆ ಹೋಗಲಾರದೆ ಒಳಗೇ ಓಡಾಡಿದವು. ನಾಲಾದ ನೀರು ನನ್ನ ಕೆನ್ನೆಯವರೆಗೆ ಬಂತು, ಅದರ ಜೊತೆ ಬಂದ ಹೇಲು ನನ್ನ ತುಟಿಗೆ ತಾಗಿತು. ದಿನಾ ಅದನ್ನು ಕಡ್ಡಿಯಲ್ಲಿ ಎತ್ತಿ ಗಾಜಿನ ಮೇಲೆ ಸವರಿ ನೋಡುವವಳು ನಾನು. ನಾನು ಕೈ ಕಿತ್ತುಕೊಂಡೆ.

ಕಿತ್ತುಕೊಂಡೆ ಎನ್ನುವುದೇ ಸರಿಯಾದ ಮಾತು. ಆಕೆ ಬಿಟ್ಟಿರಲಿಲ್ಲ. ಬೆರಳುಗಳನ್ನು ಜಾಡಿಸಿ ಬಿಡಿಸಿಕೊಳ್ಳಬೇಕಾಯಿತು. ಎದ್ದು ಓಡಿ ಹೋಗಿ ಒಂದು ಡ್ರಮ್ಮಿನ ಪಕ್ಕ ವಾಂತಿ ಮಾಡಿದೆ, ಜಾಕೆಟ್ ಕಿತ್ತೆಸೆದೆ, ಮೈ ಒರೆಸಿಕೊಂಡೆ, ಮತ್ತೆ ವಾಂತಿ ಮಾಡಿದೆ. ಹಿಂದಿನಿಂದ ಆ ತೂತಿನೊಳಗಿನ ದನಿ ಕೇಳುತ್ತಿತ್ತು. "ಬಾಈ, ಅಹೋ ಬಾಈ" ಎಂದು, ಅಮ್ಮಾ ಎನ್ನುವ ಹಾಗೆ, ಕರೆಯುತ್ತಿದ್ದಳು. ಅಷ್ಟು ಹೊತ್ತು ಒಂದು ಮಾತೂ ಆಡದವಳು ಆಗ ಕರೆಯುತ್ತಿದ್ದಳು. ನನಗೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತೇ ಹೊರತು ತಿರುಗಬೇಕು ಅನ್ನಿಸಲಿಲ್ಲ.

ತಲೆಯೆತ್ತಿದಾಗ ಎದುರಿನ ಗ್ಯಾಲರಿಯಲ್ಲಿ ಇಬ್ಬರು ಹುಡುಗಿಯರು ನನ್ನ ವಾಂತಿಯನ್ನು ಫೋನಿನಲ್ಲಿ ತೆಗೆಯುತ್ತಿದ್ದರು. ಒಬ್ಬಳು ಮೂಗು ಮುಚ್ಚಿಕೊಂಡು ನಗುತ್ತಿದ್ದಳು. ಆ ನಗು ನೋಡಿದಾಗ ನನಗೆ ರೋಷ ಬಂತು. ಇವರೆದುರಿಗೆ ನಾನು ಇವರ ಹಾಗೆ ಕಾಣಬಾರದು ಎಂದುಕೊಂಡೆ. ನನ್ನನ್ನು ವಾಪಸು ಕಳಿಸಿದ್ದು ಅದು. ಆ ಹೆಂಗಸಿನ ದನಿಯಲ್ಲ.

ತೂತಿನ ಹತ್ತಿರ ಬಂದಾಗ ಬ್ರೇಕರಿನವನು ನನ್ನ ಜಾಗದಲ್ಲಿ ಮಲಗಿ, ಮೊಣಕೈಯವರೆಗೆ ಕೈ ತುರುಕಿಕೊಂಡಿದ್ದ. ಚರ್ಮ ಕಿತ್ತು ರಕ್ತ ಬರುತ್ತಿತ್ತು. ಬೆರಳು ಆಕೆಗೆ ನಿಲುಕುತ್ತಿರಲಿಲ್ಲ.

"ಆಕಿ ಕೈ ಹುಡುಕಾಕತ್ತಾಳ್ರಿ ಅಕ್ಕಾರ," ಎಂದ. "ನನಗ ಸಿಗವಲ್ದು. ಈ ಹೊಲಸು ತೊಳಕೊಂಡ್ರ ಹೋಗ್ತೈತಿ. ಬರ್ರಿ."

ನಾನು ಮಲಗಿದೆ. ಈ ಸಲ ಎಷ್ಟೋ ಹೊತ್ತು ಆ ಕೈ ಸಿಗಲಿಲ್ಲ. ಸಿಕ್ಕಾಗ ಅದು ಮೊದಲಿನಂತೆ ಹಿಡಿಯಲೂ ಇಲ್ಲ, ಸುಮ್ಮನೆ ನನ್ನ ಅಂಗೈಯಲ್ಲಿ ಬಿದ್ದುಕೊಂಡಿತ್ತು. ಮಾತಾಡಿಸಬೇಕಿತ್ತು. ಇವತ್ತು ಏನು ಅಡುಗೆ ಮಾಡಿದ್ರಿ ಎಂದು ಕೇಳಿದೆ. ಬೇರೇನೂ ಹೊಳೆಯಲಿಲ್ಲ. ಆಮಟಿ ಎಂದಳು, ಅವರ ಕಡೆಯ ಬೇಳೆಸಾರು. ಬೆಂಡೆಕಾಯಿ ಎಂದಳು. ಬೆಂಡೆಕಾಯಿಗೆ ಏನು ಹಾಕುತ್ತೀರಿ, ಹುಳಿಗೆ ಕೋಕಂ ಹಾಕುತ್ತೀರಾ ಎಂದೆ. ಬೆಂಡೆಕಾಯಿಗೆ ಯಾರಾದರೂ ಕೋಕಂ ಹಾಕದೆ ಬಿಡುತ್ತಾರಾ, ಲೋಳೆ ಹೋಗುವುದು ಹೇಗೆ ಎಂದು ಆ ಸ್ಥಿತಿಯಲ್ಲೂ ಸ್ವಲ್ಪ ಸಿಟ್ಟಿನಿಂದ ಕೇಳಿದಳು. ಹನ್ನೆರಡು ಡಬ್ಬಿ ಕಟ್ಟಿಟ್ಟಿದ್ದಳಂತೆ. ಯಾರು ತೆಗೆದುಕೊಂಡು ಹೋಗುತ್ತಾರೆ, ಅವರೆಲ್ಲ ಹಸಿದಿರುತ್ತಾರೆ ಎಂದು ಮತ್ತೆ ಮತ್ತೆ ಹೇಳಿದಳು.

ಎರಡೂವರೆಗೆ ಆಕೆಯನ್ನು ಹೊರಗೆ ತೆಗೆದರು. ಕೊನೆಯ ಅರ್ಧ ಗಂಟೆ ನಮ್ಮ ಬ್ರೇಕರಿನವನು ಸ್ಲ್ಯಾಬಿನ ಕೆಳಗೆ ತೆವಳಿ, ಜಾಕ್ ಹಿಡಿದು ಮಲಗಿದ್ದ. ಹೊರಬಂದಾಗ ಆಕೆಗೆ ಪ್ರಜ್ಞೆ ಇತ್ತು, ಎಡಗಾಲಿನ ಪಾದ ಜಜ್ಜಿಹೋಗಿತ್ತು. ಸ್ಟ್ರೆಚರ್ ಓಣಿಯ ಬಾಯಿಗೆ ಬಂದಾಗ ಮುಖ್ಯಸ್ಥರು ಬಂದು ಅದರ ಹಿಡಿಕೆಗೆ ಕೈ ಹಚ್ಚಿದರು. ಅವರ ಜಾಕೆಟ್ಟಿನ ಮೇಲೆ ಮಳೆಹನಿಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. "ನಿಧಾನ, ನಿಧಾನ" ಎಂದು ಜೋರಾಗಿ ಹೇಳುತ್ತ ಹತ್ತು ಹೆಜ್ಜೆ ನಡೆದರು. ಮರುದಿನ ಪತ್ರಿಕೆಯಲ್ಲಿ ಬಂದದ್ದು ಆ ಹತ್ತು ಹೆಜ್ಜೆಯ ಫೋಟೋ.

ಮೂರು ವಾರದ ನಂತರ ನಾನೊಬ್ಬಳೇ ಆಸ್ಪತ್ರೆಗೆ ಹೋದೆ. ಹೆಂಗಸರ ಜನರಲ್ ವಾರ್ಡಿನ ಮಂಚದ ಮೇಲೆ ಆಕೆ ಗೋಡೆಗೆ ಒರಗಿ ಕೂತಿದ್ದಳು. ಎಡಪಾದ ತೆಗೆದಿದ್ದರು. ನಾನು ತಂಡದವಳು, ಅವತ್ತು ಅಲ್ಲಿದ್ದೆ ಎಂದಷ್ಟೇ ಹೇಳಿದೆ. ಸಂತೋಷಪಟ್ಟು ಪಕ್ಕದ ಸ್ಟೂಲು ತೋರಿಸಿದಳು. ಕತ್ತಲಲ್ಲಿ ಏನು ನೆನಪಿದೆ ಎಂದು ನಾನು ಕೇಳಲಿಲ್ಲ. ಆಕೆಯೇ ಹೇಳಿದಳು.

"ಒಬ್ಬಳು ಬಾಈ ಇದ್ದಳು. ಕೈ ಹಿಡಿದು, ಎಲ್ಲಿಗೂ ಹೋಗಲ್ಲ ಅಂದಳು. ಆಮೇಲೆ ನನ್ನ ಕೈ ಜಾಡಿಸಿ ಹೋದಳು. ಆಗ ನಾನು ಸತ್ತೆ ಅಂತ ತಿಳಿದೆ. ಸತ್ತವರ ಕೈಯನ್ನೇ ಅಲ್ಲವಾ ಹಾಗೆ ಬಿಡುವುದು? ಆಮೇಲೆ ಬೇರೆ ಯಾರೋ ಬಂದು ಅಡುಗೆ ಕೇಳಿದಳು. ಆಕೆ ಒಳ್ಳೆಯವಳು."

ಆ ಇಬ್ಬರೂ ನಾನೇ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ತಂದಿದ್ದ ಸೇಬುಗಳನ್ನು ಮಂಚದ ಪಕ್ಕದ ಪೆಟ್ಟಿಗೆಯ ಮೇಲಿಟ್ಟು ಎದ್ದುಬಂದೆ. ಮೊದಲಿನವಳನ್ನು ಆಕೆಯ ಪಾಲಿಗೆ ಯಾರೋ ಅಪರಿಚಿತಳನ್ನಾಗಿ ಉಳಿಸಿ, ಎರಡನೆಯವಳ ಹೊಗಳಿಕೆಯನ್ನು ಮಾತ್ರ ಜೊತೆಗೆ ತೆಗೆದುಕೊಂಡು ಬಂದಂತಾಗಿತ್ತು. ಮೆಟ್ಟಿಲಿಳಿಯುವಾಗ ನನ್ನ ಮೇಲೆ ನನಗೆ ಬಂದ ವಾಕರಿಕೆ ಆ ಜಿರಲೆಗಳಿಗಿಂತ ಕೆಟ್ಟದಾಗಿತ್ತು.

ಆಮೇಲೆ ಮಾಟುಂಗದಲ್ಲಿ ಸನ್ಮಾನವಿತ್ತು. ಒಂದು ಭಾನುವಾರ ಬೆಳಿಗ್ಗೆ, ಇಲ್ಲಿನ ಕನ್ನಡಿಗರ ಒಂದು ಸಭೆಯಲ್ಲಿ ಮುಖ್ಯಸ್ಥರಿಗೆ ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಸ್ವಯಂಸೇವಕರಿಗೆ ಪ್ರೇರಣೆ ಎಲ್ಲಿಂದ ಬರುತ್ತದೆ ಎಂಬ ವಿಷಯದ ಮೇಲೆ ನಾನು ಐದು ನಿಮಿಷ ಮಾತಾಡಬೇಕೆಂದು ಮೊದಲೇ ಹೇಳಿದ್ದರು. "ಪಾಸಿಟಿವ್ ಆಗಿರಲಿ ಮೇಡಂ, ಯುವಜನ ಬರ್ತಾರೆ" ಎಂದಿದ್ದರು. ನಾನು ಎರಡು ಪುಟ ಬರೆದುಕೊಂಡು ಹೋಗಿದ್ದೆ. ವೇದಿಕೆಯ ಮೇಲೆ ನಿಂತಾಗ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕು ಅನ್ನಿಸಿತು. ಮುಂದಿನ ಸಾಲಿನ ರೇಷ್ಮೆ ಸೀರೆಗಳನ್ನು ನೋಡಿದೆ. ಬರೆದದ್ದನ್ನೇ ಓದಿದೆ. ಕರುಣೆ ಎಂಬ ಮಾತು ಮೂರು ಸಲ ಬಂತು, ಮಾನವೀಯತೆ ಎರಡು ಸಲ. ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಬ್ರೇಕರಿನವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಮುಖ್ಯಸ್ಥರು ಭಾಷಣದಲ್ಲಿ "ನಮ್ಮ ಶ್ರಮಿಕ ಬಂಧುಗಳೂ ಸಹಕರಿಸಿದರು" ಎಂದಾಗ ಹಿಂದಿನ ಸಾಲಿನಲ್ಲಿ ಸ್ವಲ್ಪ ನೆಟ್ಟಗೆ ಕೂತ. ಕಾರ್ಯಕ್ರಮ ಮುಗಿದು ಎಲ್ಲರೂ ತಿಂಡಿಗೆ ಎದ್ದಾಗ, ಸಂಘಟಕರಲ್ಲಿ ಒಬ್ಬರು ಅವನನ್ನು ಪೆಂಡಾಲಿನವನೆಂದು ತಿಳಿದು, "ಏ, ಆ ಕುರ್ಚಿ ಎಲ್ಲ ಮಡಚಿ ಆ ಕಡೆ ಇಡಪ್ಪ" ಎಂದರು. ಅವನು ಒಂದು ಕ್ಷಣ ನಿಂತ. ಆಮೇಲೆ ಮಡಚತೊಡಗಿದ. ಮುಖ್ಯಸ್ಥರು ನೋಡಿದರು, ಪೇಟ ಸರಿಮಾಡಿಕೊಂಡು ಬೇರೆ ಕಡೆ ತಿರುಗಿದರು. ನಾನೂ ನೋಡಿದೆ. ನನ್ನ ಕೈಯಲ್ಲಿ ಕೇಸರಿಬಾತಿನ ತಟ್ಟೆಯಿತ್ತು. ಬಾಯಿ ತುಂಬಿತ್ತು.

ವಾಪಸು ಹೋಗುವಾಗ ಮಾಟುಂಗ ರೋಡ್ ಸ್ಟೇಷನ್ನಿನಲ್ಲಿ ಅವನು ಸಿಕ್ಕ. ಹಳಿ ರಿಪೇರಿಯ ಭಾನುವಾರದ ಬ್ಲಾಕ್, ಗಾಡಿಗಳು ತಡ. ಒಂದೇ ಬೆಂಚಿನ ಮೇಲೆ ಕೂತೆವು.

"ಕರುಣಾ ಕರುಣಾ ಅಂದ್ರಲ್ರಿ ಅಕ್ಕಾರ, ಖರೇ ಏನ್ರಿ ಅದು?"

"ಅಲ್ಲ," ಎಂದೆ. ಅವನಿಗೆ ಎಲ್ಲವನ್ನೂ ಹೇಳಿದೆ. ಗ್ಯಾಲರಿಯ ಹುಡುಗಿಯರು ನಕ್ಕದ್ದು, ಅದಕ್ಕೇ ನಾನು ತಿರುಗಿ ಬಂದದ್ದು, ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡದ್ದು. ಒಂದು ನಿಮಿಷವಷ್ಟೇ ಕೈ ಬಿಟ್ಟಿದ್ದೆ ಎಂದೆ.

"ಐದು ನಿಮಿಷ ಆತ್ರಿ," ಎಂದ. ದೂರುವ ದನಿಯಲ್ಲಲ್ಲ. ಕಾಂಕ್ರೀಟಿನ ದಪ್ಪ ಹೇಳುವ ದನಿಯಲ್ಲಿ.

"ಮತ್ತೆ ನೀವು ಯಾಕೆ ಬರ್ತೀರಿ?"

"ಹದಿನಾಕು ವರ್ಷ ಆತ್ರಿ ಈ ಊರಾಗ. ಸೈಟಿನ್ಯಾಗ ನನ್ನ 'ಏ ಬ್ರೇಕರ್' ಅಂತಾರ. ಎಂಜಿನಿಯರ್ ಸಾಹೇಬ್ರಿಗೆ ನನ್ನ ಹೆಸರು ಗೊತ್ತಿಲ್ಲ. ಮನಿ ಬಿದ್ದ ಕಡೆ ಹಂಗಿಲ್ರಿ. ಫೈರ್ ಬ್ರಿಗೇಡಿನ ದೊಡ್ಡ ಸಾಹೇಬ್ರ ಬಂದು 'ಭಾವು, ಎಲ್ಲಿಂದ ಒಡೀಬೇಕು' ಅಂತ ಕೇಳ್ತಾರ. ನಾ ಕೈ ಎತ್ತಿದ್ರ ಎಲ್ಲಾರೂ ನಿಲ್ಲತಾರ. ಅದಕ್ಕ ಬರ್ತೀನಿ."

"ಅದರಲ್ಲಿ ತಪ್ಪೇನಿಲ್ಲ."

"ಐತ್ರಿ. ಎಲ್ಲೋ ಮನಿ ಬಿದ್ದೈತಿ ಅಂತ ಫೋನ್ ಬಂದ್ರ ನನಗ ಒಳಗೊಳಗ ಹುರುಪು ಬರ್ತೈತಿ. ಮಂದಿ ಸಾಯಾಕತ್ತಿರ್ತಾರ, ನನಗ ಹುರುಪು. ಮನಿಗೆ ಹೋಗಿ ಜಳಕಾ ಮಾಡೂ ಮುಂದ ನನ್ನ ಮಾರಿ ನನಗ ನೋಡ್ಕೋಬಾರ್ದು ಅನಸ್ತೈತಿ. ಆದ್ರೂ ಮತ್ತೊಮ್ಮಿ ಫೋನ್ ಬಂದ್ರ ಓಡತೀನಿ."

ಕುರ್ಚಿಯ ವಿಷಯ ನನ್ನನ್ನು ಚುಚ್ಚುತ್ತಿತ್ತು. "ನಾನು ಪೆಂಡಾಲಿನವನಲ್ಲ ಅಂತ ನೀವು ಅವರಿಗೆ ಹೇಳಬೇಕಿತ್ತು" ಎಂದೆ.

"ನೀವು ಹೇಳಬೇಕಿತ್ರಿ," ಎಂದ ಆತ. ಅಷ್ಟರಲ್ಲಿ ಬೋರಿವಲಿಯ ಗಾಡಿ ಬಂತು. ಆತ ಜನರಲ್ ಡಬ್ಬಿಗೆ ಹತ್ತಿದ, ನಾನು ಲೇಡೀಸಿಗೆ.

ಆ ವಾರ ನಾನು ಮುಖ್ಯಸ್ಥರ ಮನೆಗೆ ಹೋಗಿ ತಂಡ ಬಿಡುತ್ತೇನೆಂದು ಹೇಳಿದೆ. ಕಾರಣ ಕೇಳಿದರು. ಆಸ್ಪತ್ರೆಯಲ್ಲಿ ಆಡದೆ ಉಳಿದದ್ದನ್ನು, ಮಾಟುಂಗದಲ್ಲಿ ಆಡದೆ ಉಳಿದದ್ದನ್ನು ಅವರಿಗೆ ಹೇಳಿದೆ. ಸ್ಟ್ರೆಚರಿನ ಹತ್ತು ಹೆಜ್ಜೆಯನ್ನೂ ಬಿಡಲಿಲ್ಲ. ಅವರು ಕೋಪಿಸಿಕೊಳ್ಳಲಿಲ್ಲ. "ಮೇಡಂ, ಆ ಫೋಟೋ ನೋಡಿ ನಾಲ್ಕು ಹೊಸ ಜನ ಸೇರಿದಾರೆ, ಅದಕ್ಕೇನಂತೀರಿ" ಎಂದರು. ಆ ನಾಲ್ಕು ಜನರಲ್ಲಿ ಇಬ್ಬರು ಈಗಲೂ ಕೆಲಸ ಮಾಡುತ್ತಿದ್ದಾರೆ, ಒಳ್ಳೆಯ ಕೆಲಸ.

ಆಮೇಲೆ ಆಸ್ಪತ್ರೆಗೆ ಇನ್ನೊಮ್ಮೆ ಹೋದೆ. ಆ ಹೆಂಗಸನ್ನು ಮನೆಗೆ ಕಳಿಸಿದ್ದರು. ಓಣಿಯಲ್ಲಿ ಕೇಳಿದರೆ, ಗಂಡನ ಊರಿಗೆ ಹೋದರು, ಎಲ್ಲೋ ಸಾತಾರಾ ಕಡೆ ಎಂದರು. ಆಕೆಗೆ ಹೇಳಬೇಕಾದ್ದು ನನ್ನ ಬಳಿಯೇ ಉಳಿಯಿತು.

ತಂಡ ಬಿಟ್ಟರೂ ಬ್ರೇಕರಿನವನ ಫೋನು ನಿಲ್ಲಲಿಲ್ಲ. ಅಕ್ಟೋಬರಿನ ಒಂದು ಮಧ್ಯಾಹ್ನ, "ಅಕ್ಕಾರ, ನಿಮ್ಮ ಲ್ಯಾಬಿನ ಹಿಂದ ಗಿಡ ಬಿದ್ದೈತಿ, ರಿಕ್ಷಾದ ಮ್ಯಾಲ" ಎಂದ. ಅವರ ಕಡೆ ದೊಡ್ಡ ಮರಕ್ಕೂ ಗಿಡ ಎನ್ನುತ್ತಾರೆ. ನಾನು ಬಿಳಿ ಕೋಟಿನಲ್ಲೇ ಹೋದೆ. ಅವನು ಆಗಲೇ ಗರಗಸ ಹಿಡಿದು ಟೊಂಗೆ ಕೊಯ್ಯುತ್ತಿದ್ದ. ರಿಕ್ಷಾದವನು ಹ್ಯಾಂಡಲಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡಿದ್ದ. ತೊಡೆಯ ಮೂಳೆ ಮುರಿದಿತ್ತು, ಮಿಕ್ಕಂತೆ ಜೀವಕ್ಕೆ ಅಪಾಯವಿರಲಿಲ್ಲ. ಬಾಯಿಂದ ಗುಟ್ಕಾದ ಕೆಂಪು ಸುರಿಯುತ್ತಿತ್ತು, ಪ್ಯಾಂಟು ಒದ್ದೆಯಾಗಿತ್ತು. ನಾನು ಅವನ ಪಕ್ಕದಲ್ಲೇ ಕೂತೆ.

ನೀರು ಕೇಳಿದ. ಡಾಕ್ಟರು ನೋಡುವ ಮುಂಚೆ ಕೊಡುವ ಹಾಗಿಲ್ಲ ಎಂದೆ. ಬೈದ. ಆಮೇಲೆ ಹೆಂಡತಿಗೆ ಫೋನ್ ಮಾಡಿ, ಆಕ್ಸಿಡೆಂಟ್ ಅನ್ನಬೇಡಿ, ತಡವಾಗುತ್ತೆ ಅಂತ ಮಾತ್ರ ಹೇಳಿ ಎಂದ. ಅವನ ಫೋನಿನಿಂದಲೇ ಮಾಡಿದೆ. ನಿಮ್ಮ ಯಜಮಾನರು ಬರುವುದು ತಡವಾಗುತ್ತದೆ ಎಂದು ಹಿಂದಿಯಲ್ಲಿ ಹೇಳಿದೆ.

ಆ ಕಡೆಯಿಂದ ಆ ಹೆಂಗಸು, "ತೂ ಕೌನ್ ಹೈ?" ಎಂದಳು. ನಾನು ಲ್ಯಾಬಿನವಳು ಎಂದೆ. ಮಟಮಟ ಮಧ್ಯಾಹ್ನ ನನ್ನ ಗಂಡನ ಫೋನು ಲ್ಯಾಬಿನವಳ ಕೈಯಲ್ಲಿ ಯಾಕಿದೆ ಎಂದು ಶುರುಮಾಡಿದಳು. ಅವಳ ಬೈಗುಳ ಫೋನಿನಿಂದ ಹೊರಗೆ ಎಲ್ಲರಿಗೂ ಕೇಳಿಸುತ್ತಿತ್ತು. ಮುರಿದ ಕಾಲಿನ ರಿಕ್ಷಾದವನು ಕಣ್ಣು ಮುಚ್ಚಿಕೊಂಡು, "ಈಗ ಆಕ್ಸಿಡೆಂಟ್ ಅಂತಲೇ ಹೇಳಿಬಿಡಿ ಮೇಡಂ" ಎಂದ. ನಾನು ಹೇಳಿದೆ. ಯಾವ ಆಸ್ಪತ್ರೆ, ಯಾವ ಕಾಲು, ತಲೆಗೆ ಪೆಟ್ಟಾಗಿದೆಯೋ ಇಲ್ಲವೋ ಎಂದು ಆಕೆ ಕೇಳಿದ್ದಕ್ಕೆಲ್ಲ ಇದ್ದದ್ದನ್ನೇ ಹೇಳಿದೆ. ಆಂಬುಲೆನ್ಸ್ ಬಂದಾಗ ಆಕೆ ಇನ್ನೂ ಲೈನಿನಲ್ಲೇ ಇದ್ದಳು.